ಪ್ಲಾಟಿಗೆ ರಸ್ತೆ ಐತಿ, ಮಳೆನೀರಿಗೆ ದಾರಿ ಎಲ್ಲೈತಿ?

ಹಾನಗಲ್ಲಿನಿಂದ ಹಾವೇರಿಗೆ, ಸವಣೂರಿನಿಂದ ಹುಬ್ಬಳ್ಳಿಗೆ, ಹಿರೇಕೆರೂರಿನಿಂದ ರಾಣೇಬೆನ್ನೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವ ಮಂದಿಗೆ ಕಿಟಕಿಯಾಚೆಯ ಬೋರ್ಡುಗಳು ಬಾಯಿಪಾಠ ಆಗಿಬಿಟ್ಟಿವೆ. ಎನ್.ಎ. ಆದ ಪ್ಲಾಟುಗಳು ಮಾರಾಟಕ್ಕಿವೆ, ಅಗಲವಾದ ರಸ್ತೆ, ಬೀದಿ ದೀಪ, ಗಾರ್ಡನ್, ಬ್ಯಾಂಕ್ ಸಾಲದ ಸೌಲಭ್ಯ. ಹೋದ ವರ್ಷ ಗೋವಿನಜೋಳ ನಿಂತಿದ್ದ ಹೊಲದಲ್ಲಿ ಈ ವರ್ಷ ಸುಣ್ಣದ ಗೆರೆ, ಬಣ್ಣ ಬಳಿದ ಗೂಟಗಲ್ಲು, ಬಾಗಿಲಲ್ಲಿ ಒಂದು ದೊಡ್ಡ ಕಮಾನು. ಕಮಾನಿನ ಮೇಲೆ ದೇವರ ಹೆಸರೋ, ಮಾಲೀಕರ ತಂದೆಯ ಹೆಸರೋ ಇರುತ್ತದೆ. ಆದರೆ ಎಷ್ಟು ಬೋರ್ಡು ಓದಿದರೂ ಒಂದು ಮಾತು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಈ ಜಾಗದ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂಬ ಮಾತು.

ಕೊಳ್ಳುವವರೂ ಕೇಳುವುದಿಲ್ಲ. ಕೇಳಿದರೂ ವ್ಯವಹಾರ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ:

‘ಹೊಲಾ ಸ್ವಲ್ಪ ತಗ್ಗಿನಾಗ ಐತೆಲ್ರಿ ಅಣ್ಣಾರ?’

‘ತಗ್ಗೇನ್ ದೊಡ್ಡ ಮಾತ್ರಿ? ನಾಕ್ ಟಿಪ್ಪರ್ ಗರಸು ಹಾಕಿದ್ರ ರಸ್ತಾಕ್ಕಿಂತ ಎತ್ತರ ಆಗತೈತಿ.’

‘ಮತ್ತ ಮಳಿ ನೀರು?’

‘ಅದು ಹೋಗತೈತ್ರಿ, ಮುಂದ.’

ಈ ‘ಮುಂದ’ ಎಂಬ ಎರಡಕ್ಷರದ ಶಬ್ದದಲ್ಲಿ ನಮ್ಮ ಊರುಗಳ ಅರ್ಧ ಗೋಳು ಅಡಗಿದೆ. ಮುಂದ ಅಂದರೆ ಎಲ್ಲಿ? ಯಾರ ಮನೆ ಮುಂದ? ಯಾರ ಅಂಗಡಿ ಒಳಗ? ಹೆಚ್ಚಾಗಿ ಅದು ಹಳೇ ಊರಿನ ತಗ್ಗಿನ ಓಣಿ, ಇಲ್ಲವೇ ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿ ಸಾಲು. ಪ್ಲಾಟು ಮಾರಿದವನಿಗೆ ದುಡ್ಡು ಬಂತು, ಕೊಂಡವನಿಗೆ ಎತ್ತರದ ಮನೆ ಬಂತು, ಇವೆರಡರಲ್ಲಿ ಯಾವುದೂ ಇಲ್ಲದ ಕಿರಾಣಿ ಅಂಗಡಿಯವನಿಗೆ ಸಕ್ಕರೆ ಚೀಲದ ತಳಕ್ಕೆ ನೀರು ಬಂತು.

ಇದು ಚೀಲದ ಸಕ್ಕರೆ ಕರಗುವಷ್ಟಕ್ಕೇ ಮುಗಿಯುವುದಿಲ್ಲ. 2024ರ ಅಕ್ಟೋಬರಿನಲ್ಲಿ ಜಿಲ್ಲಾ ಕೇಂದ್ರವಾದ ಹಾವೇರಿಯಲ್ಲೇ ಜೋರು ಮಳೆ ಸುರಿದು, ರಸ್ತೆ ಯಾವುದು ಗಟಾರ ಯಾವುದು ತಿಳಿಯದಂತೆ ನೀರು ಏರಿದಾಗ, ಶಾಲೆ ಕಲಿಯುವ ಒಬ್ಬ ಹುಡುಗ ಬಾಯ್ದೆರೆದ ಚರಂಡಿಗೆ ಬಿದ್ದು ಕೊಚ್ಚಿಹೋದ. ಬದುಕಿ ಬರಲಿಲ್ಲ. ಅದಕ್ಕೆ ಇಂಥ ಲೇಔಟೇ ಕಾರಣ ಎಂದು ಬೆರಳು ಮಾಡುವುದು ಇಲ್ಲಿಯ ಉದ್ದೇಶವಲ್ಲ. ಊರಿನ ನೀರು ಊರಿನ ಗಟಾರ ಮೀರಿ ಬಂದರೆ ಏನಾಗುತ್ತದೆ ಎಂಬುದನ್ನು ನೋಡಲು ಬೆಂಗಳೂರಿನ ತನಕ ಹೋಗಬೇಕಾಗಿಲ್ಲ ಎಂಬುದಷ್ಟೆ.

ಬೆಂಗಳೂರಿನ ಕಥೆಯೂ ಎಲ್ಲರಿಗೂ ಗೊತ್ತಿದ್ದದ್ದೇ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ಬಂಗಲೆಗಳೊಳಗೆ ನೀರು ನುಗ್ಗಿ, ಕಂಪ್ಯೂಟರ್ ಕಂಪನಿಯ ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ನಮ್ಮ ಕಡೆಯವರು ಅದನ್ನು ಟಿ.ವಿ.ಯಲ್ಲಿ ನೋಡಿ ನಕ್ಕರು. ನಮ್ಮಲ್ಲಿ ಟ್ರ್ಯಾಕ್ಟರಿಗೇನೂ ಕೊರತೆ ಇಲ್ಲ ಅನ್ನಿ.

ಎಕರೆಗೆ ಎರಡು ಲಕ್ಷ ಲೀಟರ್

ಲೆಕ್ಕ ಬಹಳ ಸರಳ ಇದೆ. ಅಂಗಡಿಕಾರರಿಗೆ ಲೆಕ್ಕ ಹೇಳಿಕೊಡುವ ಅಗತ್ಯವೂ ಇಲ್ಲ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 30×40ರ ಒಂದು ಪ್ಲಾಟು ಅಂದರೆ 1200 ಚದರ ಅಡಿ, ಸುಮಾರು 111 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಿದ್ದರೆ ಈ ಒಂದೇ ಪ್ಲಾಟಿನ ಮೇಲೆ ಐದೂವರೆ ಸಾವಿರ ಲೀಟರ್ ಬಿತ್ತು, ಅಂದರೆ ಒಂದು ಟ್ಯಾಂಕರಿಗಿಂತ ಹೆಚ್ಚು. ಒಂದು ಎಕರೆಗೆ ಎರಡು ಲಕ್ಷ ಲೀಟರ್. ಹತ್ತು ಎಕರೆಯ ಲೇಔಟಿಗೆ ಇಪ್ಪತ್ತು ಲಕ್ಷ. 50 ಮಿಲಿಮೀಟರ್ ಏನು ಪ್ರಳಯದ ಮಳೆಯೂ ಅಲ್ಲ. ಹವಾಮಾನ ಇಲಾಖೆಯ ಪುಸ್ತಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದ ಮೇಲೆಯೇ ‘ಭಾರೀ ಮಳೆ’ ಎಂಬ ಹೆಸರು.

ಇದೇ ಮಳೆ ಹೊಲದ ಮೇಲೆಯೂ ಬೀಳುತ್ತಿತ್ತಲ್ಲ, ಆಗ ಯಾಕೆ ಇಷ್ಟು ಗದ್ದಲ ಇರಲಿಲ್ಲ? ಹೊಲ ನೀರನ್ನು ಕುಡಿಯುತ್ತಿತ್ತು. ಬದುವಿನ ಹಿಂದೆ ನಿಲ್ಲುತ್ತಿತ್ತು, ಬೆಳೆಯ ಬುಡದಲ್ಲಿ ತಡೆಯುತ್ತಿತ್ತು, ಮಿಕ್ಕಿದ್ದು ಸಾವಕಾಶ ಸರುವಿಗೆ ಇಳಿದು, ಸರುವಿನಿಂದ ಹಳ್ಳಕ್ಕೆ, ಹಳ್ಳದಿಂದ ಕೆರೆಗೆ ಹೋಗುತ್ತಿತ್ತು. ಆರ್.ಸಿ.ಸಿ. ಮಾಳಿಗೆ ನೀರು ಕುಡಿಯುವುದಿಲ್ಲ. ಡಾಂಬರ್ ರಸ್ತೆ ಕುಡಿಯುವುದಿಲ್ಲ. ಈಗೀಗ ಮನೆ ಸುತ್ತಲೂ ಹಾಸುವ ಸಿಮೆಂಟ್ ಬಿಲ್ಲೆಯೂ ಕುಡಿಯುವುದು ಅಷ್ಟಕ್ಕಷ್ಟೇ. ಹೀಗಾಗಿ ಅರ್ಧ ದಿನ ತೆಗೆದುಕೊಂಡು ಹರಿಯುತ್ತಿದ್ದ ನೀರು ಈಗ ಒಂದು ತಾಸಿನಲ್ಲಿ ಹಾರಿ ಬರುತ್ತದೆ.

ಇನ್ನು ಅದನ್ನು ಹೊರಲು ಮಾಡಿರುವ ವ್ಯವಸ್ಥೆ ನೋಡೋಣ. ಹತ್ತು ಎಕರೆಯ ಆ ಇಪ್ಪತ್ತು ಲಕ್ಷ ಲೀಟರ್ ಒಂದು ತಾಸಿನಲ್ಲಿ ಬಿತ್ತು, ಅದರಲ್ಲಿ ನೂರಕ್ಕೆ ಎಂಬತ್ತರಷ್ಟು ಹರಿದುಬಂತು ಎಂದು ಇಟ್ಟುಕೊಂಡರೆ, ಸೆಕೆಂಡಿಗೆ ಸುಮಾರು 450 ಲೀಟರ್ ಆಯಿತು. ರಸ್ತೆ ಕೆಳಗೆ ಹಾಕುವ ಒಂದಡಿ ಸಿಮೆಂಟ್ ಪೈಪು ಸಾಧಾರಣ ಇಳಿಜಾರಿನಲ್ಲಿ ತುಂಬಿ ಹರಿದರೂ ಸೆಕೆಂಡಿಗೆ 100 ಲೀಟರಿನ ಆಸುಪಾಸು ಸಾಗಿಸುತ್ತದೆ. ಉಳಿದ 350 ಲೀಟರ್ ಎಲ್ಲಿಗೆ ಹೋಗಬೇಕು? ಮುಂದ! ಅದೂ ಪೈಪಿನೊಳಗೆ ಹಾಲಿನ ಪಾಕೀಟು, ಗುಟಕಾ ಚೀಟಿ, ತೆಂಗಿನ ಚಿಪ್ಪು ಇಲ್ಲದೆ ಖಾಲಿ ಇದ್ದರೆ.

ಕಾಗದದ ಸವಾರಿ

ಹಾಗಾದರೆ ಕಾನೂನು ಇಲ್ಲವೇ? ಕಾನೂನಿಗೇನು ಬರ! ಒಂದು ಹೊಲ ಲೇಔಟಾಗಿ, ಲೇಔಟಿನಲ್ಲಿ ಮನೆ ಏಳುವ ತನಕ ಕಾಗದಗಳು ಮಾಡುವ ಪ್ರವಾಸ ಸಣ್ಣದಲ್ಲ.

ಮೊದಲು ಎನ್.ಎ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಬೇಸಾಯದ ಜಮೀನನ್ನು ಬೇರೆ ಕೆಲಸಕ್ಕೆ ಬಳಸಲು ಜಿಲ್ಲಾಧಿಕಾರಿಗಳ ಪರವಾನಗಿ ಬೇಕು. ಬಹಳ ಜನ ಇಲ್ಲಿಗೇ ಎಲ್ಲಾ ಮುಗಿಯಿತು ಎಂದು ತಿಳಿಯುತ್ತಾರೆ. ಬೋರ್ಡಿನ ಮೇಲೆ ‘ಎನ್.ಎ. ಆಗಿದೆ’ ಎಂದು ದಪ್ಪ ಅಕ್ಷರದಲ್ಲಿ ಬರೆಯುವುದೂ ಅದಕ್ಕೇ. ಆದರೆ ಎನ್.ಎ. ಅಂದರೆ ಈ ಜಮೀನಿನಲ್ಲಿ ಜೋಳ ಬಿತ್ತದಿದ್ದರೂ ನಡೆದೀತು ಎಂಬ ಒಪ್ಪಿಗೆಯೇ ಹೊರತು, ಇದನ್ನು ಬೇಕಾದ ಹಾಗೆ ತುಂಡು ಮಾಡಿ ಮಾರಬಹುದು ಎಂಬ ಒಪ್ಪಿಗೆಯಲ್ಲ. ತುಂಡು ಮಾಡಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಮಿನಂತೆ ಲೇಔಟ್ ನಕ್ಷೆ ಮಂಜೂರಾಗಬೇಕು. ಮಂಜೂರಾದ ಮೇಲೆ ರಸ್ತೆ, ಗಟಾರ, ನೀರು, ಕರೆಂಟಿನ ಕೆಲಸ ಮುಗಿದ ಹಾಗೆ ಪ್ಲಾಟುಗಳನ್ನು ಹಂತ ಹಂತವಾಗಿ ಬಿಡುಗಡೆ ಮಾಡುವ ಪದ್ಧತಿ ಇದೆ. ರಸ್ತೆ, ಉದ್ಯಾನದ ಜಾಗ ಊರಿನ ಆಡಳಿತಕ್ಕೆ ಪುಕ್ಕಟೆಯಾಗಿ ನೋಂದಣಿ ಮಾಡಿಕೊಡಬೇಕು. ಆಮೇಲೆ ಖಾತೆ. ಆಮೇಲೆ ಮನೆ ಕಟ್ಟುವವನು ಹಾನಗಲ್ಲ, ಶಿಗ್ಗಾಂವ, ಸವಣೂರಿನಲ್ಲಾದರೆ ಪುರಸಭೆಯಿಂದ, ಹಿರೇಕೆರೂರಿನಲ್ಲಾದರೆ ಪಟ್ಟಣ ಪಂಚಾಯತಿಯಿಂದ ಕಟ್ಟಡ ಪರವಾನಗಿ ಪಡೆಯಬೇಕು. ಎಂಟಕ್ಕಿಂತ ಹೆಚ್ಚು ಪ್ಲಾಟು ಅಥವಾ 500 ಚದರ ಮೀಟರ್ ಮೀರಿದ ಜಾಗ ಯೋಜನಾ ಪ್ರದೇಶದೊಳಗೆ ಇದ್ದರೆ, 2016ರ ಕೇಂದ್ರ ಕಾಯ್ದೆಯಂತೆ ರೇರಾದಲ್ಲಿ ನೋಂದಣಿ ಆಗುವವರೆಗೆ ಜಾಹೀರಾತನ್ನೂ ಕೊಡುವ ಹಾಗಿಲ್ಲ.

ಇಷ್ಟೆಲ್ಲಾ ಸಹಿ, ಶಿಕ್ಕಾ ಬಿದ್ದರೂ ನೀರು ಯಾಕೆ ಅಂಗಡಿಗೆ ಬರುತ್ತದೆ? ಪ್ರತಿಯೊಂದು ಟೇಬಲ್ಲೂ ಆ ಜಮೀನಿನ ನಾಲ್ಕು ಚಕ್ಕುಬಂದಿಯೊಳಗಿನದನ್ನೇ ನೋಡುತ್ತದೆ. ರಸ್ತೆ ಇಷ್ಟು ಅಡಿ ಇದೆಯೇ, ಇದೆ. ಗಾರ್ಡನಿಗೆ ಜಾಗ ಬಿಟ್ಟಿದ್ದಾರೆಯೇ, ಬಿಟ್ಟಿದ್ದಾರೆ. ಗಟಾರ ತೋರಿಸಿದ್ದಾರೆಯೇ, ತೋರಿಸಿದ್ದಾರೆ. ಆ ಗಟಾರ ಲೇಔಟಿನ ಕೊನೆಯ ಗೂಟಗಲ್ಲಿನ ತನಕ ಬಂದು, ಅಲ್ಲಿಂದ ಯಾವ ಹಳ್ಳಕ್ಕೆ, ಎಷ್ಟು ಅಗಲದ ದಾರಿಯಲ್ಲಿ ಸೇರುತ್ತದೆ ಎಂಬ ಪ್ರಶ್ನೆಗೆ ಟೇಬಲ್ಲೇ ಇಲ್ಲ. ನೀರಿಗೆ ಚಕ್ಕುಬಂದಿ ತಿಳಿಯುವುದಿಲ್ಲ, ಕಚೇರಿಗೆ ಚಕ್ಕುಬಂದಿ ಬಿಟ್ಟು ಬೇರೆ ತಿಳಿಯುವುದಿಲ್ಲ.

ಇನ್ನೊಂದು ಚಮತ್ಕಾರ ಇದೆ. ಊರ ಹದ್ದಿನ ಕಲ್ಲು ದಾಟಿದ ಕೂಡಲೇ ಗ್ರಾಮ ಪಂಚಾಯತಿ ಶುರು. ಅಲ್ಲಿ ಕಾನೂನು ಬೇರೆ, 1993ರದು. ಖಾತೆಯ ಕಾಗದವೂ ಬೇರೆ, ಫಾರ್ಮ್ 9 ಮತ್ತು 11. ಪ್ಲಾಟು ಪಂಚಾಯತಿಯಲ್ಲಿ, ನೀರು ಪುರಸಭೆಯಲ್ಲಿ! ಪುರಸಭೆಯವರನ್ನು ಕೇಳಿದರೆ ‘ಅದು ನಮ್ಮ ಹದ್ದಿನಾಗ ಬರೂದಿಲ್ರಿ’ ಅನ್ನುವುದು, ಪಂಚಾಯತಿಯವರನ್ನು ಕೇಳಿದರೆ ‘ನೀರು ನಿಂತಿದ್ದು ನಮ್ಮಲ್ಲಿ ಅಲ್ಲೇನ್ರಿ’ ಅನ್ನುವುದು, ಇಬ್ಬರದೂ ಖರೇ ಮಾತೇ. ಖರೇ ಮಾತಿನಿಂದ ಅಂಗಡಿ ಒಣಗುವುದಿಲ್ಲ.

ನಕಾಶೆಯಲ್ಲಿದ್ದ ಹಳ್ಳ

ಇಲ್ಲಿ ನಿಜವಾದ ಕೀಲಿಕೈ ಇರುವುದು ಹಳೇ ಕಾಗದದಲ್ಲಿ. ಪ್ರತಿ ಊರಿಗೂ ಭೂಮಾಪನ ಇಲಾಖೆಯ ಗ್ರಾಮ ನಕಾಶೆ ಉಂಟು. ಅದರಲ್ಲಿ ಸರ್ವೆ ನಂಬರುಗಳ ನಡುವೆ ಡೊಂಕು ಡೊಂಕಾಗಿ ಓಡುವ ಜೋಡಿ ಗೆರೆಗಳು ಕಾಣುತ್ತವೆ. ಅವು ಹಳ್ಳ, ನಾಲಾ. ಬೇಸಿಗೆಯಲ್ಲಿ ಹೋಗಿ ನೋಡಿದರೆ ಅಲ್ಲಿ ನಾಲ್ಕು ಜಾಲಿ ಗಿಡ, ಒಂದಿಷ್ಟು ಉಸುಕು, ಎರಡು ಎಮ್ಮೆ. ‘ಇದೆಂಥಾ ಹಳ್ಳರೀ, ಹತ್ತು ವರ್ಷ ಆತು ನೀರ ಕಂಡಿಲ್ಲ’ ಎಂದು ಜೆ.ಸಿ.ಬಿ. ತಂದು ಸಮ ಮಾಡುವವರು ಇರುತ್ತಾರೆ. ಹನ್ನೊಂದನೇ ವರ್ಷ ಹಳ್ಳಕ್ಕೆ ತನ್ನ ದಾರಿ ನೆನಪಾಗುತ್ತದೆ.

ಕಾನೂನು ಈ ವಿಷಯದಲ್ಲಿ ಮೆತ್ತಗಿಲ್ಲ. 1966ರ ಭೂಕಂದಾಯ ನಿಯಮಗಳಲ್ಲಿ ಖರಾಬು ಜಮೀನನ್ನು ಎರಡು ಮಾಡಿದ್ದಾರೆ. ‘ಅ’ ಖರಾಬು ಅಂದರೆ ಬೇಸಾಯಕ್ಕೆ ಬಾರದ ಕಲ್ಲು ನೆಲ, ಕಣ, ಹೊಲದ ಮನೆ ಇಂಥದ್ದು. ‘ಬ’ ಖರಾಬು ಅಂದರೆ ಸಾರ್ವಜನಿಕ ಕೆಲಸಕ್ಕೆ ಬಿಟ್ಟದ್ದು, ರಸ್ತೆ, ಕಾಲುದಾರಿ, ಹಳ್ಳ, ಕೆರೆಗೆ ನೀರು ಬರುವ ಕಾಲುವೆ, ಸ್ಮಶಾನ. ಈ ‘ಬ’ ಖರಾಬು ಹೊಲದ ಮಾಲೀಕನದಲ್ಲ, ಅದಕ್ಕೆ ಅವನು ಕಂದಾಯವನ್ನೂ ಕಟ್ಟಿಲ್ಲ. ತನ್ನದಲ್ಲದ್ದನ್ನು ಮಾರಲಿಕ್ಕೆ ಬರುವುದಿಲ್ಲ. ಆದರೆ ಉತಾರದಲ್ಲಿ ‘ಖರಾಬು 0-6’ ಎಂದು ಒಂದು ಮೂಲೆಯಲ್ಲಿ ಕುಳಿತ ಆ ಆರು ಗುಂಟೆ, ಲೇಔಟ್ ನಕ್ಷೆಗೆ ಬರುವಷ್ಟರಲ್ಲಿ ಎಷ್ಟೋ ಕಡೆ ಮಾಯವಾಗಿರುತ್ತದೆ. ಇಲ್ಲವೇ ಹಳ್ಳ ಡೊಂಕಾಗಿದ್ದದ್ದು ನೆಟ್ಟಗಾಗಿ, ಇಪ್ಪತ್ತು ಅಡಿ ಇದ್ದದ್ದು ಎರಡಡಿ ಗಟಾರವಾಗಿ, ಕಂಪೌಂಡಿನ ಬುಡದಲ್ಲಿ ಮುದುರಿಕೊಂಡಿರುತ್ತದೆ.

2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಹಳ್ಳಿಯ ಹೊಂಡದ ಮೊಕದ್ದಮೆಯಲ್ಲಿ, ಊರ ಸಾರ್ವಜನಿಕ ನೆಲ ನುಂಗಿ ಮನೆ ಕಟ್ಟಿದ್ದೇವೆ, ದುಡ್ಡು ಖರ್ಚಾಗಿದೆ, ಬಹಳ ವರ್ಷ ಆಯಿತು ಎಂಬ ನೆವದಿಂದ ಅದನ್ನು ಸಕ್ರಮ ಮಾಡಲು ಬರುವುದಿಲ್ಲ ಎಂದು ಹೇಳಿ, ಎಲ್ಲಾ ರಾಜ್ಯಗಳಿಗೂ ಒತ್ತುವರಿ ತೆರವಿಗೆ ಯೋಜನೆ ಮಾಡಿರೆಂದು ಅಪ್ಪಣೆ ಮಾಡಿತು. ನಮ್ಮ ರಾಜ್ಯದ ಅಕ್ರಮ-ಸಕ್ರಮ ಯೋಜನೆಗೂ 2017ರ ಜನವರಿಯಲ್ಲಿ ಅದೇ ಕೋರ್ಟಿನ ತಡೆಯಾಜ್ಞೆ ಬಿತ್ತು.

2025ರ ಫೆಬ್ರುವರಿಯಿಂದ ಊರೂರಲ್ಲಿ ನಡೆದ ಬಿ ಖಾತೆಯ ಅಭಿಯಾನದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಂಜೂರಾತಿ ಇಲ್ಲದ ಬಡಾವಣೆಯ ಪ್ಲಾಟುಗಳನ್ನೂ ವಹಿಗೆ ಹಚ್ಚಿ ತೆರಿಗೆ ತೆಗೆದುಕೊಳ್ಳುವ ವ್ಯವಸ್ಥೆ ಅದು. ತೆರಿಗೆ ಕಟ್ಟಿದ ಪಾವತಿ ಕೈಗೆ ಬಂದ ಕೂಡಲೇ ‘ನಮ್ಮದು ಈಗ ಪಕ್ಕಾ ಆತು’ ಎಂದು ಪೇಢೆ ಹಂಚಿದವರಿದ್ದಾರೆ. ಪಾವತಿ ತೆರಿಗೆಯದು, ಲೇಔಟಿನದಲ್ಲ. ಹಳ್ಳದ ಮೇಲೆ ಕುಳಿತ ಪ್ಲಾಟು ಖಾತೆ ಬಂದರೂ ಹಳ್ಳದ ಮೇಲೆಯೇ ಕುಳಿತಿರುತ್ತದೆ.

ನಾಲ್ಕು ಊರು, ನಾಲ್ಕು ಕೆರೆ

ಈ ನಾಲ್ಕೂ ತಾಲೂಕು ಊರುಗಳಿಗೆ ಕೆರೆ ಹೊಸದಲ್ಲ. ಹಿರೇಕೆರೂರಿನ ಹೆಸರಿನೊಳಗೇ ಹಿರಿದಾದ ಕೆರೆ ಕುಳಿತಿದೆ, ಊರಿಗೆ ಅಂಟಿಕೊಂಡು ದುರ್ಗಾದೇವಿ ಕೆರೆ. ಹಾನಗಲ್ಲಿಗೆ ಆನಿಕೆರೆ, ಸವಣೂರಿಗೆ ನವಾಬರ ಕಾಲದ ಮೋತಿ ತಾಲಾಬ್, ಶಿಗ್ಗಾಂವಿಗೆ ನಾಗನೂರ ಕೆರೆ. ಹಿರೇಕೆರೂರಿನ ಕಡೆ ಮಾಸೂರಿನ ಹತ್ತಿರದ ಮದಗದ ಕೆರೆ ವಿಜಯನಗರದ ಅರಸರ ಕಾಲದ್ದು, ಎರಡು ಗುಡ್ಡಗಳ ನಡುವೆ ಕುಮುದ್ವತಿಗೆ ಒಡ್ಡು ಹಾಕಿದ್ದು. ಜನಪದದಲ್ಲಿ ಅದರ ಹೆಸರು ಕೇಳದವರಿಲ್ಲ.

ಹಳಬರಿಗೆ ಒಂದು ವಿಷಯ ಚೆನ್ನಾಗಿ ತಿಳಿದಿತ್ತು. ಕೆರೆ ಅಂದರೆ ಬರೇ ನೀರು ನಿಂತ ಗುಂಡಿ ಅಲ್ಲ. ನೀರು ಒಳಗೆ ಬರುವ ಕಾಲುವೆ, ಹೊರಗೆ ಬಿಡುವ ತೂಬು, ಹೆಚ್ಚಾದದ್ದು ಜಾರಿ ಹೋಗುವ ಕೋಡಿ, ಕೋಡಿಯ ಮುಂದಿನ ಹಳ್ಳ, ಆ ಹಳ್ಳ ಸೇರುವ ಕೆಳಗಿನ ಕೆರೆ, ಇಷ್ಟೂ ಸೇರಿ ಒಂದು ಕೆರೆ. ಹಾನಗಲ್ಲ ಕಡೆ ಧರ್ಮಾ ಕಾಲುವೆ ಹೀಗೆಯೇ ಕೆರೆಯಿಂದ ಕೆರೆಗೆ ನೀರು ಮುಟ್ಟಿಸುತ್ತ ಬಂದದ್ದು. ಹಾನಗಲ್ಲಿನ ಹೆಚ್ಚಿನ ನೀರು ಧರ್ಮೆಯ ಮೂಲಕ ವರದೆಗೆ, ವರದೆ ಗಳಗನಾಥದ ಹತ್ತಿರ ತುಂಗಭದ್ರೆಗೆ. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ ಹಾನಗಲ್ಲ, ಸವಣೂರ ತಾಲೂಕಿನ ನದಿ ದಂಡೆಯ ಊರುಗಳು ನೀರಲ್ಲಿ ನಿಂತದ್ದನ್ನು ಯಾರೂ ಮರೆತಿಲ್ಲ. ನದಿ ತುಂಬಿದಾಗ ಹಳ್ಳದ ನೀರು ಇಳಿಯುವುದಿಲ್ಲ, ಹಳ್ಳ ತುಂಬಿದಾಗ ಊರ ಗಟಾರ ಇಳಿಯುವುದಿಲ್ಲ. ಕೆಳಗಿನ ಬಾಗಿಲು ಮುಚ್ಚಿದಾಗ ಮೇಲಿನಿಂದ ಸಾವಕಾಶ ಬಿಡುವ ತಡೆ ಇರಬೇಕು. ಆ ತಡೆ ಹೊಲ, ಬದು, ಕಟ್ಟೆ, ಕುಂಟೆಗಳಲ್ಲಿ ಇತ್ತು. ಈಗ ಅವೇ ಪ್ಲಾಟು.

ಸವಣೂರಿನದು ಇನ್ನೊಂದು ರೀತಿ. ಹಳೇ ಊರಿನ ಸುತ್ತ ಕೋಟೆಯ ಕಂದಕ ಇತ್ತು. ವೈರಿಯನ್ನು ತಡೆಯಲು ತೋಡಿದ್ದೇ ಸರಿ, ಆದರೆ ಕಂದಕ ಇದ್ದ ಊರಿಗೆ ಮಳೆನೀರು ನಿಲ್ಲಲು ಒಂದು ಜಾಗ ತಾನಾಗಿ ಸಿಕ್ಕಿರುತ್ತದೆ. ಕಂದಕ ಮುಚ್ಚಿದ ಊರುಗಳೆಲ್ಲ ವೈರಿ ಬರುವುದಿಲ್ಲ ಎಂದು ಮುಚ್ಚಿದವು. ಮಳೆ ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.

ಕೆರೆಯ ಸಲುವಾಗಿಯೇ ರಾಜ್ಯದಲ್ಲಿ 2014ರ ಕಾಯ್ದೆ ಬಂತು. ಕೆರೆ ಅಂದರೆ ಏನು ಎಂದು ಹೇಳುವಾಗ ಆ ಕಾಯ್ದೆ ಹಳಬರ ಮಾತನ್ನೇ ಹೇಳಿದೆ. ನೀರು ಇರಲಿ ಬಿಡಲಿ, ದಫ್ತರದಲ್ಲಿ ಕೆರೆ, ಕುಂಟೆ, ಕಟ್ಟೆ ಎಂದು ಇದ್ದರೆ ಸಾಕು, ಅದಕ್ಕೆ ಬರುವ ರಾಜಕಾಲುವೆ, ಏರಿ, ಕೋಡಿ, ತೂಬು ಎಲ್ಲಾ ಸೇರಿ ಕೆರೆ. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕಟ್ಟಡ ಕೂಡದು ಎಂದೂ ಬರೆದರು. 2025ರ ಆಗಸ್ಟಿನಲ್ಲಿ ವಿಧಾನಮಂಡಲ ಈ 30 ಮೀಟರನ್ನು ಕೆರೆಯ ಗಾತ್ರ ನೋಡಿ ಕಡಿಮೆ ಮಾಡುವ ತಿದ್ದುಪಡಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ನೂರು ಎಕರೆ ಮೀರಿದ ಕೆರೆಗೆ 30 ಮೀಟರೇ, ಒಂದು ಎಕರೆಯ ಒಳಗಿನ ಕಟ್ಟೆಗೆ ಮೂರೇ ಮೀಟರ್. ಮಸೂದೆಯ ಮುಂದಿನ ಗತಿ ಏನೇ ಇರಲಿ, ಲೆಕ್ಕದ ಧಾಟಿ ವಿಚಿತ್ರ. ದೊಡ್ಡ ಕೆರೆಗೆ ದನಿ ಎತ್ತುವ ಜನ ಇರುತ್ತಾರೆ. ಊರ ಅಂಚಿನ ಒಂದೆಕರೆ ಕಟ್ಟೆಗೆ ಯಾರಿದ್ದಾರೆ? ಪ್ಲಾಟಿನವರ ಕಣ್ಣು ಮೊದಲು ಬೀಳುವುದೂ ಅಂಥದ್ದರ ಮೇಲೆಯೇ.

ಮೇಲಿನ ಹೊಲ, ಕೆಳಗಿನ ಹೊಲ

ನೀರಿನ ಜಗಳ ರೈತರಿಗೆ ಹೊಸದೇನಲ್ಲ. ಬದು ಒಡೆದದ್ದಕ್ಕೆ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆತನಗಳು ಎಷ್ಟೋ. ಇದಕ್ಕೆಂದೇ 1882ರ ಒಂದು ಕಾಯ್ದೆ ಇದೆ, ಸರಾಗ ಹಕ್ಕಿನ ಕಾಯ್ದೆ. 1891ರಲ್ಲಿ ಅದನ್ನು ಮುಂಬಯಿ ಪ್ರಾಂತಕ್ಕೂ ಹಚ್ಚಿದರು, ಆಗ ನಮ್ಮ ಧಾರವಾಡ ಜಿಲ್ಲೆ ಅದರಲ್ಲೇ ಇತ್ತು. (ಹಾವೇರಿ ಬೇರೆ ಜಿಲ್ಲೆ ಆದದ್ದು 1997ರಲ್ಲಿ.) ಆ ಕಾಯ್ದೆಯ ಏಳನೇ ಕಲಮಿನಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಒಂದು ಹೀಗಿದೆ: ಮೇಲಿನ ಜಮೀನಿನ ಮೇಲೆ ಬಿದ್ದ ನೀರು ತಾನಾಗಿ ಕೆಳಗಿನ ಜಮೀನಿಗೆ ಹರಿಯಲು ಕೆಳಗಿನವನು ಬಿಡಬೇಕು, ಅದು ಮೇಲಿನವನ ಹಕ್ಕು.

ಇದನ್ನು ಇವತ್ತಿನ ಲೇಔಟಿಗೆ ಹಚ್ಚಿ ನೋಡಿದರೆ ಎರಡೂ ಕಡೆಗೆ ಕಿವಿ ಹಿಂಡಿದಂತಿದೆ. ತಗ್ಗಿನ ಹೊಲ ಕೊಂಡು ಹತ್ತು ಟಿಪ್ಪರ್ ಗರಸು ಸುರಿದು, ಕಂಪೌಂಡ್ ಕಟ್ಟಿ, ಮೇಲಿನಿಂದ ಬರುತ್ತಿದ್ದ ನೀರನ್ನು ಪಕ್ಕದವರ ಹೊಲದಲ್ಲಿ ನಿಲ್ಲಿಸುವವನು ಆ ಹಕ್ಕಿಗೆ ಅಡ್ಡ ನಿಂತ ಹಾಗಾಯಿತು. ಇತ್ತ ಮೇಲಿನ ಲೇಔಟಿನವನಿಗೂ ‘ತಾನಾಗಿ’ ಎಂಬ ಶಬ್ದ ಕುತ್ತಿಗೆಗೆ ಬರುತ್ತದೆ. ನೂರು ಮಾಳಿಗೆಯ ನೀರನ್ನು ಗಟಾರದಲ್ಲಿ ಕೂಡಿಸಿ, ಒಂದು ಪೈಪಿನ ಬಾಯಿಂದ ಕೆಳಗಿನವನ ಹಿತ್ತಲಿಗೆ ಬಿಡುವುದು ತಾನಾಗಿ ಹರಿದ ನೀರು ಎಂದು ಹೇಳಲು ಬಹಳ ಧೈರ್ಯ ಬೇಕು.

ರತಲಾಮಿನ ಗಟಾರ

‘ದುಡ್ಡಿಲ್ರಿ, ಅನುದಾನ ಬಂದ ಮ್ಯಾಲ ನೋಡೂಣು’ ಎಂಬುದು ಎಲ್ಲ ಊರಿನ ಆಡಳಿತದ ಹಳೇ ಪಲ್ಲವಿ. ಈ ಪಲ್ಲವಿಗೆ ದೇಶದ ದೊಡ್ಡ ಕೋರ್ಟು 1980ರಲ್ಲೇ ಉತ್ತರ ಕೊಟ್ಟಿದೆ. ಮಧ್ಯಪ್ರದೇಶದ ರತಲಾಮ ಎಂಬ ಊರು. ಒಂದು ವಾರ್ಡಿನ ಜನ ತೆರೆದ ಗಟಾರ, ಕೊಳಚೆ, ಸೊಳ್ಳೆಗಳಿಂದ ಬೇಸತ್ತು ಮ್ಯಾಜಿಸ್ಟ್ರೇಟರ ಹತ್ತಿರ ಹೋದರು. ಅವರು ಮುನಿಸಿಪಾಲಿಟಿಗೆ ಗಟಾರ ಕಟ್ಟಿರೆಂದು ಹುಕುಂ ಮಾಡಿದರು. ಮುನಿಸಿಪಾಲಿಟಿಯವರು ಗಟಾರ ಕಟ್ಟುವುದನ್ನು ಬಿಟ್ಟು ಸುಪ್ರೀಂ ಕೋರ್ಟಿನ ತನಕ ಹೋಗಿ, ನಮ್ಮಲ್ಲಿ ದುಡ್ಡಿಲ್ಲ ಎಂದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಮತ್ತು ಚಿನ್ನಪ್ಪ ರೆಡ್ಡಿ ಅವರು ಒಪ್ಪಲಿಲ್ಲ. ಜನರ ಆರೋಗ್ಯ ಕಾಯುವ ಕೆಲಸಕ್ಕೆ ಬೊಕ್ಕಸ ಬರಿದು ಎಂಬುದು ನೆವವಾಗದು ಎಂದು ತೀರ್ಪಾಯಿತು.

ಆ ಮೊಕದ್ದಮೆಗೆ ಆಧಾರವಾದದ್ದು ಆಗಿನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ 133ನೇ ಕಲಮು. 2024ರ ಜುಲೈ 1ರಿಂದ ಹೊಸ ಸಂಹಿತೆ ಬಂದ ಮೇಲೆ ಅದೇ ಕಲಮು 152 ಆಗಿದೆ. ಸಾರ್ವಜನಿಕರಿಗೆ ತೊಂದರೆ ಕೊಡುವ ಅಡ್ಡಿಯನ್ನು ತೆಗೆಸಲು ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಉಪವಿಭಾಗದ ಮ್ಯಾಜಿಸ್ಟ್ರೇಟರಿಗೂ ಇದರಲ್ಲಿ ಅಧಿಕಾರ ಇದೆ. ದಿವಾಣಿ ದಾವೆಯ ಹಾಗೆ ಮೊಮ್ಮಗನ ಕಾಲಕ್ಕೆ ಮುಟ್ಟುವಂಥದ್ದಲ್ಲ. ಉಪವಿಭಾಗಾಧಿಕಾರಿಗಳ ಕಚೇರಿಗೆ ಬೆಂಗಳೂರಿಗೆ ಹೋಗಬೇಕಿಲ್ಲ, ಸವಣೂರಿನಲ್ಲೊಂದು, ಹಾವೇರಿಯಲ್ಲೊಂದು ಇದೆ. ಆದರೂ ಈ ಕಲಮಿನ ಹೆಸರು ಪೇಟೆಯಲ್ಲಿ ಎಷ್ಟು ಜನಕ್ಕೆ ಗೊತ್ತು? ಎಲ್ಲರೂ ಹೋಗುವುದು ಮೆಂಬರರ ಮನೆಗೆ. ಮೆಂಬರರ ಮನೆ ಎತ್ತರದಲ್ಲಿದ್ದರೆ ಇನ್ನೂ ಕಷ್ಟ.

ಅಂಗಡಿಕಾರರಿಗೂ ಒಂದು ಮಾತು

ಲೇಔಟಿನವರ ಮೇಲೆ ಎಲ್ಲ ಹೊರಿಸಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ಪೇಟೆಯಲ್ಲಿ ಒಂದು ಸುತ್ತು ಹಾಕಿದರೆ ಗಟಾರ ಎಲ್ಲಿದೆ ಎಂದು ಹುಡುಕಬೇಕು. ಅಂಗಡಿ ಮುಂದೆ ಗಟಾರದ ಮೇಲೆ ಕಡಪಾ ಕಲ್ಲು, ಕಲ್ಲಿನ ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಟೈಲ್ಸು, ಟೈಲ್ಸಿನ ಮೇಲೆ ಸಾಮಾನು. ಒಂದು ಕಲ್ಲು ಎತ್ತಲು ಬರುವ ಹಾಗಿದ್ದರೆ ಪೌರಕಾರ್ಮಿಕರು ಹೂಳು ತೆಗೆದಾರು. ಗಾರೆ ಹಾಕಿ ಬಂದೋಬಸ್ತ್ ಮಾಡಿದ ಮೇಲೆ ಅವರು ತಾನೇ ಏನು ಮಾಡಬೇಕು? ನಡುವೆ ಒಬ್ಬ ಅಂಗಡಿಕಾರ ತನ್ನ ಮುಂದಿನ ಗಟಾರಕ್ಕೆ ಸಣ್ಣ ಪೈಪು ಹಾಕಿ ಮುಚ್ಚಿದರೆ ಹಿಂದಿನ ಇಪ್ಪತ್ತು ಅಂಗಡಿಯ ಗಟಾರವೂ ಅಷ್ಟೇ ಸಣ್ಣದಾದ ಲೆಕ್ಕ. ನೀರು ನುಗ್ಗಿದ ದಿನ ಪುರಸಭೆ ಮುಂದೆ ಕೂಗುವವರಲ್ಲಿ ಆ ಪೈಪಿನ ಯಜಮಾನರೂ ಮುಂದಿನ ಸಾಲಿನಲ್ಲಿ ಇರುತ್ತಾರೆ.

ಬೆಂಗಳೂರಿನಲ್ಲಿ 2009ರ ತಿದ್ದುಪಡಿಯಿಂದ 30×40ರ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದರು. ಕಡ್ಡಾಯ ಮಾಡಿದ್ದು ಕುಡಿಯುವ ನೀರಿನ ಚಿಂತೆಗೆ. ಆದರೆ ಮಾಳಿಗೆಯ ಐದು ಸಾವಿರ ಲೀಟರಿನಲ್ಲಿ ಎರಡು ಸಾವಿರ ತೊಟ್ಟಿಗೋ ಇಂಗು ಗುಂಡಿಗೋ ಇಳಿದರೆ ಅಷ್ಟು ನೀರು ಗಟಾರಕ್ಕೆ ಬರಲಿಲ್ಲ ಎಂದಾಯಿತು. ಕೆಂಪು ನೆಲ, ಗರಸು ನೆಲದಲ್ಲಿ ಇಂಗು ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಎರೆ ಭೂಮಿಯಲ್ಲಿ ನೀರು ಇಳಿಯುವುದು ನಿಧಾನ, ಅಲ್ಲಿ ತೊಟ್ಟಿಯೇ ವಾಸಿ. ಲೇಔಟ್ ಮಾಡುವವರು ಗಾರ್ಡನಿನ ಜಾಗವನ್ನು ಮಾರಾಟವಾಗದ ಮೂಲೆಗೆ ತಳ್ಳುವ ಬದಲು, ಎಲ್ಲಕ್ಕಿಂತ ತಗ್ಗಿನಲ್ಲಿ ಬಿಟ್ಟು, ಜೋರು ಮಳೆಯ ಎರಡು ತಾಸು ಅಲ್ಲಿ ಮೊಣಕಾಲುದ್ದ ನೀರು ನಿಲ್ಲುವಂತೆ ಮಾಡಿದರೆ, ಕೆಳಗಿನ ಓಣಿಗೆ ಉಸಿರು ಬಂದೀತು. ಇದಕ್ಕೆ ಹೆಚ್ಚಿನ ಖರ್ಚೂ ಇಲ್ಲ.

ಕೊಳ್ಳುವವರ ಕೈಯಲ್ಲೂ ಅಸ್ತ್ರ ಇಲ್ಲದಿಲ್ಲ. ಗ್ರಾಮ ನಕಾಶೆಯನ್ನು ಭೂಮಾಪನ ಇಲಾಖೆ ಈಗ ಇಂಟರ್ನೆಟ್ಟಿನಲ್ಲೇ ಬಿಟ್ಟಿದೆ. ದಿಶಾಂಕ್ ಎಂಬ ಸರಕಾರಿ ಆ್ಯಪ್ ಮೊಬೈಲಿಗೆ ಹಾಕಿಕೊಂಡು ಪ್ಲಾಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೇವೆ ಎಂದು ತೋರಿಸುತ್ತದೆ. ಉತಾರದಲ್ಲಿ ಖರಾಬು ಎಷ್ಟು, ಅದರಲ್ಲಿ ‘ಬ’ ಎಷ್ಟು, ಮಂಜೂರಾದ ಲೇಔಟ್ ನಕ್ಷೆಯಲ್ಲಿ ಅದು ಎಲ್ಲಿದೆ, ಮೂರನ್ನೂ ಪಕ್ಕಕ್ಕೆ ಪಕ್ಕ ಇಟ್ಟು ನೋಡುವುದು. ನಕ್ಷೆ ಕೊಡಲು ಕಚೇರಿಯಲ್ಲಿ ‘ನಾಳೆ ಬರ್ರಿ’ ಎಂದರೆ 2005ರ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಮುಂಗಡ ಕೊಡಲು ಅವಸರ ಮಾಡುವವರು ಬಹಳ, ಮೂವತ್ತು ದಿನ ಕಾಯುವವರು ಕಡಿಮೆ.

ಇನ್ನು ಕಾಗದ ಓದಲು ಬಾರದವರಿಗೂ ಒಂದು ದಾರಿ ಇದೆ. ಪ್ಲಾಟು ನೋಡಲು ಏಜೆಂಟರು ಯಾವಾಗಲೂ ಬಿಸಿಲಿನ ದಿನ, ಕಾರಿನಲ್ಲಿ ಕೂಡಿಸಿಕೊಂಡು ಹೋಗುತ್ತಾರೆ. ಅದೇ ಪ್ಲಾಟಿಗೆ ಮೃಗಶಿರದ ಒಂದು ದೊಡ್ಡ ಮಳೆ ಬಿದ್ದ ಮರುದಿನ ಬೆಳಿಗ್ಗೆ, ಏಜೆಂಟರಿಗೆ ಹೇಳದೆ, ಬಸ್ಸಿನಲ್ಲಿ ಹೋಗಿ ಇಳಿಯಬೇಕು. ಗೂಟಗಲ್ಲಿನ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕೆ ಮೂಡಿದೆ ಎಂದು ನೋಡಿಕೊಂಡು, ಬೇಲಿಯಾಚೆಯ ಹೊಲದ ಅಜ್ಜನಿಗೆ ‘ಯಜ್ಜಾ, ಇಲ್ಲಿ ಮೊದಲ ಹಳ್ಳ ಎಲ್ಲಿ ಹರೀತಿತ್ತು?’ ಎಂದು ಕೇಳಿ, ಮಧ್ಯಾಹ್ನದ ಬಸ್ಸಿಗೆ ವಾಪಸು ಬರಬಹುದು.